ಹಳದಿ ಮಷೀನಿನ ಬಾಣ

ಎಲ್ಲಿಗೆ ಹೋಗಬೇಕೆಂದು ಹೇಳದವರನ್ನು ಗಾಡಿಯಲ್ಲಿ ಕೂರಿಸಿಕೊಳ್ಳಬಾರದು. ಕಲಬುರಗಿ ಸ್ಟೇಶನ್ ಬಜಾರಿನ ಯಾವ ಡ್ರೈವರನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಆದರೆ ಎರಡು ಸಾವಿರದ ಆರನೇ ಇಸವಿಯ ಆ ಚಳಿಗಾಲದಲ್ಲಿ ಬಾಡಿಗೆಗಳೇ ಇರಲಿಲ್ಲ. ಬೆಳಿಗ್ಗೆಯಿಂದ ಇಂಡಿಕಾ ಕಾರಿನ ಗಾಜು ಒರೆಸಿ ಒರೆಸಿ ಬೇಸತ್ತಿದ್ದೆ. ಹೈದರಾಬಾದ್ ರೈಲಿನಿಂದ ಇಳಿದ ಹೆಂಗಸು ಒಬ್ಬಳೇ ನನ್ನ ಕಡೆಗೆ ಬಂದಳು. ನಲವತ್ತರ ಆಸುಪಾಸು, ಚೂಡಿದಾರದ ಕೆಳಗೆ ಕ್ಯಾನ್ವಾಸ್ ಬೂಟು, ಬೆನ್ನಿಗೆ ಮಿಲಿಟರಿಯವರಂಥ ಚೀಲ.

"ದರ್ಗಾಕ್ಕೇನ್ರಿ ಮೇಡಂ? ಶರಣಬಸವೇಶ್ವರ ಗುಡಿಗೆ?"

"ನಕ್ಕೋ ಭಾಯಿ. ಹುಮನಾಬಾದ್ ರೋಡ್."

ಆಕೆಯದು ಹೈದರಾಬಾದಿನ ಉರ್ದು, ನನ್ನದು ಸ್ಟೇಶನ್ನಿನ ಉರ್ದು. ಎರಡಕ್ಕೂ ಜಗಳವಿಲ್ಲ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಹುಮನಾಬಾದ್ ತನಕ ಏನ್ರಿ?"

"ಅಷ್ಟು ದೂರ ಇಲ್ಲ. ನಡುವೆ."

"ನಡುವ ಅಂದ್ರ ಎಲ್ಲಿ?"

"ಅದನ್ನು ಇದು ಹೇಳುತ್ತೆ" ಎಂದು ಆಕೆ ಚೀಲದಿಂದ ಹಳದಿ ಬಣ್ಣದ ಒಂದು ಮಷೀನು ತೆಗೆದಳು. ಟಿವಿ ರಿಮೋಟಿಗಿಂತ ದಪ್ಪ. ಪುಟ್ಟ ಪರದೆ, ಪರದೆಯ ನಡುವೆ ಒಂದು ಕರಿ ಬಾಣ, ಕೆಳಗೆ ಕಿಲೋಮೀಟರಿನ ಲೆಕ್ಕ. ಬಾಣ ಮೂಡಣ ದಿಕ್ಕಿಗೆ ಸ್ವಲ್ಪ ಓರೆಯಾಗಿ ನಿಂತಿತ್ತು. "ಇದು ತೋರಿಸಿದ ಕಡೆ ನಡೆಯಿರಿ."

ನಾನು ಗಾಡಿ ಶುರು ಮಾಡಿದೆ. ಆಗಲೇ ಕನ್ನಡಿಯನ್ನು ಆಕೆಯ ಕೈ ಕಾಣುವಂತೆ ತಿರುಗಿಸಿಕೊಂಡೆ.

ನನ್ನ ಸಂಶಯಕ್ಕೆ ಕಾರಣವಿದೆ. ನಮ್ಮ ಊರು ಅದೇ ರಸ್ತೆಯ ಮೇಲಿರುವ ಕಮಲಾಪುರ. ಊರಾಚೆ ನಮ್ಮದೊಂದು ಕೆಂಪು ಬಾಳೆಯ ತೋಟ. ನಮ್ಮಪ್ಪ ಮಹಾದೇವಪ್ಪ ಆ ತೋಟದಲ್ಲಿ ಬಾವಿ ತೋಡಿಸುವಾಗ ಬಂಗಾರದ ಕೊಡ ಸಿಕ್ಕಿತು ಅಂತ ಯಾವನೋ ಹಬ್ಬಿಸಿದ. ಸಿಕ್ಕಿದ್ದರೆ ನಾನು ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಇನ್ನೊಬ್ಬರ ಗಾಡಿ ಓಡಿಸುತ್ತಿದ್ದೆನೇ? ಇಷ್ಟು ಯೋಚನೆ ಮಾಡುವ ತಲೆ ಊರಲ್ಲಿ ಒಂದೂ ಇರಲಿಲ್ಲ. ಅಪ್ಪ ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಹೊಲದಲ್ಲೇ ಕೂಡಿಸಿ ಮಣ್ಣು ಮಾಡಿದೆವು. ಮೇಲೆ ಪರಸಿ ಕಲ್ಲಿನ ಕಟ್ಟೆ ಕಟ್ಟಿಸಿ, ದೀಪಕ್ಕೊಂದು ಗೂಡು ಬಿಡಿಸಿದೆವು. ಆಗ ಹೊಸ ಮಾತು ಹುಟ್ಟಿತು: ಕೊಡ ಸಮಾಧಿಯೊಳಗೇ ಇದೆ, ಮುದುಕ ಕಟ್ಟಿಕೊಂಡು ಹೋಗಿದ್ದಾನೆ.

ಈ ಹೆಂಗಸು ಬರುವ ಹಿಂದಿನ ವರ್ಷ ಯಾರೋ ಕಟ್ಟೆಯ ಮೂಲೆಯ ಕಲ್ಲು ಮೀಟಿ, ನಿಂಬೆಹಣ್ಣು ಕೊಯ್ದು ಕುಂಕುಮ ಚೆಲ್ಲಿ ಹೋಗಿದ್ದರು. ಹಿರಿಯರ ಮುಂದೆ ಹೇಳಿಕೊಂಡರೆ, "ಖರೇ ಹೇಳೋ ತಮ್ಮ, ಏನು ಸಿಕ್ಕಿತ್ತು ನಿಮ್ಮಪ್ಪಗ?" ಎಂದು ನನ್ನನ್ನೇ ಕೇಳಿದರು. ಅವತ್ತಿನಿಂದ ನಮ್ಮೂರಿನ ಕಡೆ ಹೊರಟ ಹೊಸ ಮುಖ ಕಂಡರೆ ನನ್ನ ಕಣ್ಣು ಅವರ ಕೈಯ ಮೇಲೆ ಹೋಗುತ್ತದೆ. ಅಪ್ಪನ ಎಲುಬು ಹೊರಗೆ ಬೀಳುವುದನ್ನು ನೋಡುವುದಕ್ಕಿಂತ ನಾನೇ ಮಣ್ಣೊಳಗೆ ಹೋಗುವುದು ಮೇಲು.

ಮಹಾಗಾಂವ ಕ್ರಾಸ್ ದಾಟಿತು. ಹಿಂದಿನ ಸೀಟಿನಲ್ಲಿ ಆಕೆ ಮಷೀನನ್ನು ಮಡಿಲಲ್ಲಿಟ್ಟು ಬಿಸ್ಕಿಟ್ ತಿನ್ನುತ್ತಿದ್ದಳು. ಹೆಸರು ಫರೀದಾ, ಹೈದರಾಬಾದಿನಲ್ಲಿ ಅಣ್ಣನ ಜೊತೆ ಔಷಧದ ಅಂಗಡಿ ನಡೆಸುತ್ತಾಳಂತೆ. ಕೇಳದಿದ್ದರೂ ಹೇಳಿದಳು. ಕೇಳದೆ ಹೇಳುವವರ ಮೇಲೆ ನನಗೆ ಇನ್ನೂ ಹೆಚ್ಚು ಸಂಶಯ.

ಕಮಲಾಪುರ ಬಂದಾಗ ಕನ್ನಡಿಯಲ್ಲಿ ನೋಡಿದೆ. ಆಕೆ ಮಷೀನನ್ನು ಎತ್ತಿ ಹಿಡಿದಿದ್ದಳು. ಊರು ಮುಗಿಯುತ್ತಿದ್ದಂತೆ, "ನಿಧಾನ ಭಾಯಿ, ಎಡಕ್ಕೆ ತಿರುಗಿತು" ಎಂದಳು.

ಎಡಕ್ಕಿದ್ದದ್ದು ಒಂದೇ ದಾರಿ, ನಮ್ಮ ತೋಟದ ಬಂಡಿದಾರಿ.

ನಾನು ಬ್ರೇಕ್ ಒತ್ತಲಿಲ್ಲ. ಸೀದಾ ಹೊಡೆದೆ.

"ಅಲ್ಲೇ ಇತ್ತಲ್ಲ ದಾರಿ, ಬಿಟ್ಟು ಬಂದಿರಿ."

"ಅದು ದಾರಿ ಅಲ್ಲರಿ ಮೇಡಂ. ಹಳ್ಳ ಅದ, ಗಾಡಿ ಸಿಕ್ಕೊಳ್ತದ."

ಮುಂದೆ ಬಲಗಡೆ ಕಲ್ಲಿನ ಖಣಿಗೆ ಹೋಗುವ ಹಾದಿ ಸಿಕ್ಕಿತು. ಅದರೊಳಗೆ ತಿರುಗಿಸಿ ಧೂಳೆಬ್ಬಿಸಿಕೊಂಡು ಸುತ್ತಾಡಿಸಿದೆ. ಹೊಸಬರಿಗೆ ದಿಕ್ಕು ತಪ್ಪಿಸುವುದು ನನಗೆ ಕಷ್ಟವಲ್ಲ. ಆಕೆಗೆ ಮಾತ್ರ ತಪ್ಪಲಿಲ್ಲ. ನಾನು ಹೇಗೆ ತಿರುಗಿದರೂ ಬಾಣ ಹಿಂದಕ್ಕೆ ಹೊರಳಿ ನಮ್ಮ ತೋಟದ ಕಡೆಗೇ ಮೂತಿ ಮಾಡಿ ನಿಲ್ಲುತ್ತಿತ್ತು.

ಆಕೆ ನಕ್ಕಳು. "ಎಷ್ಟು ಸುತ್ತಿಸಿದರೂ ಇದಕ್ಕೆ ಗೊತ್ತಾಗುತ್ತೆ ಭಾಯಿ. ಮೇಲಿಂದ ಸ್ಯಾಟಲೈಟ್ ನೋಡುತ್ತಿರುತ್ತೆ."

"ನೆಲದ ಒಳಗಿಂದೂ ಕಾಣ್ತದೇನ್ರಿ ಅದಕ್ಕ?"

ನಗು ನಿಂತಿತು. ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸಿದಳು. "ನೆಲದ ಒಳಗಿನದು ನಿಮಗೆ ಯಾಕೆ?"

ಗಾಡಿ ನಿಲ್ಲಿಸಿ ಹಿಂದೆ ತಿರುಗಿ ಕೂತೆ. "ಖರೇ ಹೇಳ್ರಿ ಮೇಡಂ. ಏನು ಹುಡುಕ್ಲಾಕ ಬಂದೀರಿ?"

"ಒಂದು ಡಬ್ಬಿ."

"ಒಳಗೇನದ?"

"ಅಂಥಾದ್ದು ಏನೂ ಇಲ್ಲ. ಸಣ್ಣ ಪುಟ್ಟ ಸಾಮಾನು."

"ಏನೂ ಇಲ್ಲದ ಡಬ್ಬಿ ಸಲುವಾಗಿ ಹೈದರಾಬಾದಿಂದ ಬಂದೀರಿ?"

"ನಾಗಪುರಕ್ಕೂ ಹೋಗಿದ್ದೆ" ಎಂದಳು, ಅದೇ ದೊಡ್ಡ ಉತ್ತರವೆಂಬಂತೆ.

ಹಸಿ ಸುಳ್ಳು. ಅಲ್ಲೇ ಇಳಿಸಿ ಬಂದುಬಿಡಬಹುದಿತ್ತು. ಆದರೆ ಇಳಿಸಿದರೆ ಇವತ್ತಲ್ಲ ನಾಳೆ ಇನ್ನೊಬ್ಬರ ಗಾಡಿಯಲ್ಲಿ ಬರುತ್ತಾಳೆ, ಜೊತೆಗೆ ಗುದ್ದಲಿ ಹಿಡಿದವರನ್ನೂ ತರುತ್ತಾಳೆ. ಕೈ ಹಾಕುವಾಗಲೇ ಹಿಡಿಯಬೇಕು ಅಂದುಕೊಂಡು ಗಾಡಿ ತಿರುಗಿಸಿದೆ. ಬಂಡಿದಾರಿಯ ಕೊನೆಯಲ್ಲಿ ಇಳಿಯುವಾಗ ಡಿಕ್ಕಿಯಿಂದ ಗಾಲಿ ಬಿಚ್ಚುವ ಪಾನಾ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡೆ.

ಬಾಳೆಯ ಸಾಲಿನ ನಡುವೆ ಆಕೆ ಮುಂದೆ, ನಾನು ಹಿಂದೆ. ಬಾಣದ ಮೇಲೆ ಕಣ್ಣಿಟ್ಟು ನಡೆದವಳು ಬಾವಿ ದಾಟಿ, ಬೇವಿನ ಗಿಡ ದಾಟಿ, ಅಪ್ಪನ ಕಟ್ಟೆಯ ಮುಂದೆ ಬಂದು ತಲೆ ಎತ್ತಿದಳು. ಕಲ್ಲಿನ ಮೇಲೆ ವಿಭೂತಿಯ ಪಟ್ಟೆ, ಕೆಂಪು ಕಣಗಿಲ ಹೂವು. ಅಲ್ಲೇ ನಿಂತುಬಿಟ್ಟಳು.

"ಇದು ಯಾರದೋ ಸಮಾಧಿ ಅಲ್ಲವಾ?"

"ನಿಮಗ ಗೊತ್ತಿರಲಿಲ್ಲೇನು?"

"ಹಳೇ ಮಂಟಪ ಅಂತ ಬರೆದಿದ್ದರು. ಅಲ್ಲಾ ಕಸಮ್, ಹಳೇ ಮಂಟಪ ಅಂತಲೇ ಬರೆದಿದ್ದರು."

ಆಕೆ ಕೂತು ಬೂಟಿನ ಲಾಡಿ ಬಿಚ್ಚಿದಳು. ದುಪಟ್ಟಾ ತಲೆಯ ಮೇಲೆ ಎಳೆದುಕೊಂಡಳು. ಎಷ್ಟು ಚೆಂದದ ನಾಟಕ ಅಂದುಕೊಂಡೆ. ಬರಿಗಾಲಲ್ಲಿ ಬಂದವಳ ಕೈ ದೀಪದ ಗೂಡಿನ ಕಡೆ ಹೋಯಿತು. ನಾನು ಪಾನಾ ಮುಂದೆ ತಂದೆ.

"ಕೈ ಹಚ್ಚಿದ್ರ ನೋಡ್ರಿ ಮತ್ತ!"

"ಏ ನೀಲ್ಯಾ!" ಬಾಳೆಯ ಮರೆಯಿಂದ ನಮ್ಮವ್ವ ಸೂಗಮ್ಮನ ಧ್ವನಿ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಪಾನಾ ಯಾಕ ಹಿಡಕೊಂಡು ನಿಂತೀಯೋ ನೀಲಕಂಠ? ಗಾಡಿ ಕೆಟ್ಟದೇನು?" ನನ್ನ ಉತ್ತರಕ್ಕೆ ಕಾಯದೆ ಫರೀದಾಳ ಕಡೆ ತಿರುಗಿದಳು. "ಅಲ್ಲಿಲ್ಲವ್ವ ತಂಗಿ. ಸೋಮವಾರ ಕಟ್ಟಿ ತೊಳದೆ, ನೀರು ಹೊಕ್ಕಾವು ಅಂತ ಡಬ್ಬಿ ಗುಡಸಲದಾಗ ಇಟ್ಟೀನಿ. ನಿಂದರು, ತರ್ತೀನಿ."

"ಯಾವ ಡಬ್ಬಿನಾ ಯವ್ವಾ? ನಿನಗ ಹ್ಯಾಂಗ ಗೊತ್ತು?"

"ಮಳಗಾಲದಾಗಿಂದ ಅದನೋ. ಬಿಳೇ ಮಂದಿ ಒಬ್ಬಾವ ಸೈಕಲ್ ಮ್ಯಾಲ ಬೀದರಿಗೆ ಹೊಂಟಿದ್ದ, ಇಲ್ಲಿ ಕುಂತು ನೀರು ಕುಡದ, ಇಟ್ಟು ಹೋದ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಅದನ್ನ ಬಾವ್ಯಾಗ ಒಗೀತಿದ್ದಿ."

ಗುಡಿಸಲಿನಿಂದ ಡಬ್ಬಿ ಬಂತು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳಕ್ಕೆ ಅವ್ವ ವಿಭೂತಿ ಬಳಿದಿದ್ದಳು. ಒಳಗೆ ಯಾವ ಯಾವ ದೇಶದ್ದೋ ನಾಣ್ಯ, ಬೆರಳುದ್ದದ ಒಂದು ಕರಡಿ ಗೊಂಬೆ, ಸಮುದ್ರದ ಚಿಪ್ಪು, ಕೂದಲ ಕ್ಲಿಪ್ಪು, ಹೆಸರುಗಳನ್ನು ಗೀಚಿದ ಒಂದು ಸುರುಳಿ ಕಾಗದ, ಅವ್ವನೇ ಇಟ್ಟ ವಿಭೂತಿ ಉಂಡೆಗಳು. ನಾನು ತಳದವರೆಗೆ ಕೈ ಹಾಕಿ ತಡಕಿದೆ. ಬಂಗಾರದ ಒಂದು ಚೂರೂ ಇರಲಿಲ್ಲ.

"ಬರ್ತಾರಪ್ಪ ಮಂದಿ" ಎಂದಳು ಅವ್ವ. "ಪುಣೆದವರು ಗಂಡ ಹೆಂಡ್ತಿ ಬಂದಿದ್ರು. ಕೆಂಪು ಕೂದಲಿನಾಕಿ ಒಬ್ಬಾಕಿ ಬಂದಿದ್ಲು. ಏನರ ಒಂದು ಇಡ್ತಾರ, ನಾ ಕೊಟ್ಟ ಈಬತ್ತಿ ಉಂಡಿ ಒಯ್ತಾರ. ಊರವರು ನಿಮ್ಮಪ್ಪನ ಕಟ್ಟಿ ಮುಂದ ಹಾಯ್ದು ಹೋಗಂಗಿಲ್ಲ, ಕಳ್ಳ ಅಂತಾರ. ಅಷ್ಟು ದೂರದವರು ಇವನ್ನ ಹುಡುಕಿಕೊಂಡು ಬರ್ತಾರ ನೋಡು." ನಂತರ ಫರೀದಾಳ ಮುಖ ನೋಡಿ ನನಗೆ ಹೇಳಿದಳು: "ಅವರ ಮಾತು ನನಗ ತಿಳಿಯಂಗಿಲ್ಲ, ಒಬ್ಬರನ್ನೂ ಕೇಳಾಕ ಆಗಿಲ್ಲ. ಈಕಿನ್ನ ನೀ ಕೇಳು. ನಿಮ್ಮಪ್ಪನ ಪರಿಚಯ ಹ್ಯಾಂಗ ಆತಂತ?"

ನಾನು ಕೇಳಿದೆ. ಬೇರೆ ರೀತಿ ಕೇಳಿದೆ. "ಈಗರ ಖರೇ ಹೇಳ್ರಿ. ಏನಿದು?"

ಆಕೆ ಹೇಳಿದಳು. ಇದೊಂದು ಆಟ. ಒಬ್ಬರು ಎಲ್ಲೋ ಡಬ್ಬಿ ಬಚ್ಚಿಟ್ಟು ಆ ಜಾಗದ ಅಂಕಿ ಇಂಟರ್‌ನೆಟ್‌ನಲ್ಲಿ ಹಾಕುತ್ತಾರೆ. ಉಳಿದವರು ಮಷೀನು ಹಿಡಿದು ಹುಡುಕುತ್ತಾರೆ. ಸಿಕ್ಕರೆ ಕಾಗದದಲ್ಲಿ ಹೆಸರು ಬರೆದು, ಒಂದು ಸಾಮಾನು ಇಟ್ಟು, ಒಂದು ಒಯ್ದು, ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಪ್ರಪಂಚದ ತುಂಬ ಇಂಥ ಡಬ್ಬಿಗಳಿವೆ. ಇದಕ್ಕೆಂದೇ ಜನ ರಜೆ ಹಾಕಿ, ರೈಲು ಹತ್ತಿ, ವಿಮಾನ ಹತ್ತಿ ಊರೂರು ತಿರುಗುತ್ತಾರೆ. ಅಂಗಡಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಅಂಗಡಿ ಅಂತಿದ್ದ ತಾನು ಈ ಬಾಣದ ಹಿಂದೆ ಬಿದ್ದು ಹೆಸರು ಕೇಳದ ಊರುಗಳನ್ನೆಲ್ಲ ನೋಡಿದಳಂತೆ.

ನನ್ನ ನೆತ್ತಿಗೆ ಬೆಂಕಿ ಹತ್ತಿತು. ಆಟ! ಕಲ್ಲು ಮೀಟಿದವನಿಗಾದರೂ ಒಳಗೆ ಏನೋ ಇದೆಯೆಂಬ ಆಸೆ ಇತ್ತು. ಇವರಿಗೆ ಕೆಳಗೆ ಯಾರಿದ್ದಾರೆ ಎಂಬುದೂ ಬೇಡ. ನಮ್ಮಪ್ಪನ ಎದೆಯ ಮೇಲೆ ಕೂತು ಕಣ್ಣಾಮುಚ್ಚಾಲೆ ಆಡಿದ್ದಾರೆ. ಡಬ್ಬಿ ಎತ್ತಿಕೊಂಡು ಬಾವಿಯ ಕಡೆ ಹೊರಟೆ.

"ಏನಂದ್ಲೋ?" ಅವ್ವ ಕೇಳಿದಳು. ಕಟ್ಟೆಗೆ ಆನಿಕೊಂಡು ಕೂತಿದ್ದಳು. ಒಂದು ಕೈ ಕಲ್ಲಿನ ಮೇಲಿತ್ತು, ಅಪ್ಪನಿಗೂ ಉತ್ತರ ಕೇಳಿಸಲಿ ಎಂಬಂತೆ.

ಬಾವಿಯ ದಡದಲ್ಲಿ ನಿಂತು ಅವಳನ್ನು ನೋಡಿದೆ. ನಿಜ ಹೇಳಲು ಬಾಯಿ ತೆರೆದೆ.

"ಅಪ್ಪನ ಹೆಸರು ಕೇಳಿ ಬಂದಾಳಂತ" ಎಂದೆ.

ಅವ್ವ ತಲೆ ಆಡಿಸಿದಳು. ಅವಳಿಗೆ ಅದು ಮೊದಲೇ ಗೊತ್ತಿತ್ತು. "ಕುಂಡ್ರವ್ವ, ಬಾಳಿಹಣ್ಣು ತರ್ತೀನಿ" ಎಂದು ಎದ್ದು ಹೋದಳು.

ಫರೀದಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನೀವು ಸುಳ್ಳು ಹೇಳಿದಿರಿ. ಅಷ್ಟು ಕನ್ನಡ ನನಗೂ ತಿಳಿಯುತ್ತೆ."

"ಹಂಗಾದ್ರ ಅದನ್ನ ಖರೇ ಮಾಡ್ರಿ."

"ಹೇಗೆ?"

"ಇಂಟರ್‌ನೆಟ್ಟಿನ್ಯಾಗ ಹಳೇ ಮಂಟಪ ಅಂತ ಅದ ಅಲ್ಲ, ಅದನ್ನ ಅಳಸ್ರಿ."

"ಅಳಿಸಲು ಆ ಸೈಕಲ್ಲಿನವನಿಂದ ಮಾತ್ರ ಆಗುತ್ತೆ, ಅವನಿಗೆ ತಿಳಿಸುತ್ತೇನೆ. ಅದರ ಕೆಳಗೆ ನಾನು ಬರೆಯಬಹುದು. ಬರುವವರೆಲ್ಲ ಮೊದಲು ಅದನ್ನು ಓದಿಯೇ ಬರುತ್ತಾರೆ."

"ಹಂಗಾದ್ರ ಬರೀರಿ. ಇದು ಮಹಾದೇವಪ್ಪನ ಸಮಾಧಿ. ಕೆಂಪು ಬಾಳಿ ಬೆಳೀತಿದ್ದ. ಬಾವಿ ತೋಡಿಸಿದ್ದ. ಆ ಬಾವ್ಯಾಗ ನೀರು ಬಿಟ್ಟು ಏನೂ ಸಿಕ್ಕಿಲ್ಲ, ಬಂಗಾರ ಇಲ್ಲ. ಚಪ್ಪಲಿ ಬಿಟ್ಟು ಬರ್ರಿ."

ಆಕೆ ಅಂಗೈ ಮೇಲೆಯೇ ಪೆನ್ನಿನಿಂದ ಬರೆದುಕೊಂಡಳು. "ಬಂಗಾರ ಇಲ್ಲ ಅಂತಲೂ ಬರೆಯಬೇಕಾ?"

"ಅದನ್ನೇ ದೊಡ್ಡದಾಗಿ ಬರೀರಿ."

ಡಬ್ಬಿಯಿಂದ ಒಂದು ವಿಭೂತಿ ಉಂಡೆ ತೆಗೆದುಕೊಂಡು ಆಕೆ ಕಣ್ಣು ತೊಳೆಯುವ ನೀಲಿ ಗಾಜಿನ ಪುಟ್ಟ ಬಟ್ಟಲು ಇಟ್ಟಳು, ಅಂಗಡಿಯ ಹಳೇ ಸಾಮಾನಂತೆ. ಬಾಳೆಹಣ್ಣು ಹಿಡಿದು ಬಂದ ಅವ್ವನಿಗೆ ಅದು ಹಣತೆಯಾಗಿ ಕಂಡಿತು. ಆಗಲೇ ಎಣ್ಣೆ ಬತ್ತಿ ಹಾಕಿ ಗೂಡಿನಲ್ಲಿ ಹಚ್ಚಿದಳು. ಅಲ್ಲ ಅಂತ ಹೇಳಲು ನಾವಿಬ್ಬರೂ ಹೋಗಲಿಲ್ಲ. ಡಬ್ಬಿಯನ್ನು ಗೂಡಿನಿಂದ ದೂರ, ಬೇವಿನ ಬುಡದಲ್ಲಿ ಇಡಬೇಕೆಂದು ನಾನು ಹಟ ಹಿಡಿದೆ. ಮುಂದಿನ ಸಲ ಹೋದಾಗ ಅದು ಮತ್ತೆ ಗೂಡಿನ ಪಕ್ಕದಲ್ಲೇ ಇತ್ತು.

ಫರೀದಾಳನ್ನು ಸ್ಟೇಶನ್ನಿಗೆ ಬಿಟ್ಟು ಬರುವಾಗಲೇ ಅಂದುಕೊಂಡಿದ್ದೆ, ಈಕೆ ಬರೆಯುವುದಿಲ್ಲ. ಅಂಗೈ ಮೇಲೆ ಬರೆದದ್ದು ಕೈ ತೊಳೆದರೆ ಹೋಯಿತು. ತಿಂಗಳುಗಳು ಕಳೆದವು. ನನ್ನ ಮಾತೇ ನಿಜ ಅಂತ ಗಟ್ಟಿಯಾಯಿತು.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸೋಲಾಪುರ ಕಡೆಯ ಗಾಡಿಯಿಂದ ಒಬ್ಬ ಬಿಳಿಯ ಇಳಿದ. ಕೊರಳಲ್ಲಿ ಹಳದಿ ಮಷೀನು ತೂಗುತ್ತಿತ್ತು. ಡ್ರೈವರ್‌ಗಳೆಲ್ಲ ಮುತ್ತಿದರು. ಅವನು ಮಷೀನು ತೋರಿಸಲಿಲ್ಲ. ನಾಲಿಗೆ ತಿರುಗಿಸಲು ಕಷ್ಟಪಟ್ಟು, "ಕಮಲಾಪುರ್. ಮಹಾದೇವಪ್ಪ?" ಎಂದ.

ಎಲ್ಲರನ್ನೂ ಸರಿಸಿ ಮುಂದೆ ಹೋದೆ. "ಯಾವ ಮಹಾದೇವಪ್ಪ?"

ಅವನು ಬೆರಳು ಮಡಚುತ್ತ ಬಾಯಿಪಾಠ ಒಪ್ಪಿಸುವವರಂತೆ ಹೇಳಿದ: "ಲಾಲ್ ಕೇಲಾ. ಪಾನಿ. ಸೋನಾ ನಹೀ."

ಫರೀದಾ ಬರೆದೇಬಿಟ್ಟಿದ್ದಳು. ನನ್ನ ಸಂಶಯ ಕರಗಿತು. ಗಳಿಗೆ ಮಾತ್ರ. ಬಂಗಾರ ಇಲ್ಲ ಎಂಬುದನ್ನೇ ಇವನು ಇಷ್ಟು ನೆನಪಿಟ್ಟುಕೊಂಡದ್ದು ಯಾಕೆ?

"ಮೊದಲ ಬ್ಯಾಗ್ ಬಿಚ್ಚಿ ತೋರಸ್ರಿ" ಎಂದು ಕೈಸನ್ನೆ ಮಾಡಿದೆ.

ಅವನು ನಗುತ್ತ ಬಿಚ್ಚಿದ. ನೀರಿನ ಬಾಟಲಿ, ಟವೆಲ್ಲು, ಒಂದು ಜೊತೆ ಕಾಲುಚೀಲ, ಬ್ರೆಡ್ಡು. ಅಗೆಯುವಂಥದ್ದು ಏನೂ ಇರಲಿಲ್ಲ. ಬಾಗಿಲು ತೆರೆದು ಕೂರಿಸಿಕೊಂಡೆ. ಪಾನಾ ಮಾತ್ರ ನನ್ನ ಸೀಟಿನ ಕೆಳಗೇ ಇತ್ತು.