ಆ ಊರಿನ ಎರಡು ಸೀಟು

“ರಾಂಗ್ ನಂಬರ್ರು,” ಎಂದು ಸುಚಿತ್ರಾ ಫೋನನ್ನು ಬೋರಲು ಹಾಕಿ ಕಿಟಕಿಯಲ್ಲಿಟ್ಟಳು.

ಅತ್ತಲಿನವರು ಮಾತು ಮುಗಿಸುವ ಮೊದಲೇ ಕಟ್ ಮಾಡಿದ್ದಳು. ರಿಂಗಾಗುತ್ತಿದ್ದ ಫೋನು ಎತ್ತಿಕೊಟ್ಟವನು ಅಣ್ಣ ಸುನಿಲ್. ಮೋಟಾರ್ ರಿಪೇರಿ ಅಂಗಡಿಯಿಂದ ಊಟಕ್ಕೆ ಬಂದವನು ಬಾಗಿಲಲ್ಲೇ ನಿಂತು, ಕೈಗೆ ಮೆತ್ತಿದ್ದ ಗ್ರೀಸನ್ನು ಬಟ್ಟೆ ತುಂಡಿನಲ್ಲಿ ಒರೆಸಿಕೊಳ್ಳುತ್ತಿದ್ದ. ಅವ್ವ ವಿಶಾಲಮ್ಮ ಒಳಗಿನಿಂದ ಒಮ್ಮೆ ಮಗಳ ಮುಖ ನೋಡಿ, ಅನ್ನದ ತಪ್ಪಲೆಗೆ ಕೈ ಹಾಕಿದಳು.

ಫೋನು ಮಾಡಿದ್ದು ಮೈಸೂರಿನ ಹಳೆಯ ಯೂನಿವರ್ಸಿಟಿಯ ಫಿಸಿಕ್ಸ್ ಆಫೀಸಿನವರು. ನಾಳೆ ಸಂಜೆಯೊಳಗೆ ಸೀಟು ಬೇಕೋ ಬೇಡವೋ ಹೇಳಬೇಕಂತೆ, ಇಲ್ಲದಿದ್ದರೆ ಅದು ಮುಂದಿನವರಿಗೆ. ಅದೇ ಊರಿನ ಇನ್ನೊಂದು ದೊಡ್ಡ ಯೂನಿವರ್ಸಿಟಿಯಲ್ಲೂ ಅವಳಿಗೆ ಸೀಟು ಸಿಕ್ಕಿತ್ತು. ಅದು ಹೊಸದು, ಕಟ್ಟಡವೆಲ್ಲ ಗಾಜಿನದು, ಹಾಸ್ಟೆಲಿಗೆ ಲಿಫ್ಟು. ಸಾಗರದ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದ ಶೇಷಪ್ಪ ಸರ್ ಮಾತ್ರ, “ನಿನಗೆ ನಿಜವಾಗ್ಲೂ ಫಿಸಿಕ್ಸ್ ಬೇಕು ಅಂದ್ರೆ ಹಳೇದಕ್ಕೆ ಹೋಗು. ಅಲ್ಲಿಯಂಥ ಲ್ಯಾಬು ಬೇರೆ ಕಡೆ ಇಲ್ಲ,” ಎಂದಿದ್ದರು. ಅವಳಿಗೂ ಬೇಕಾದದ್ದು ಅದೇ.

ಆದರೆ ಸುನಿಲ್ ಓದಿದ್ದೂ ಅಲ್ಲೇ, ಅದೇ ವಿಭಾಗದಲ್ಲಿ. ಓದಿದ್ದು ಎನ್ನುವುದಕ್ಕಿಂತ ಬಿಟ್ಟು ಬಂದದ್ದು ಎನ್ನಬೇಕು. ಕೆಲವು ವರ್ಷಗಳ ಹಿಂದೆ, ಮೊದಲ ವರ್ಷ ಮುಗಿಯುವುದರೊಳಗೆ, ಒಂದು ಬೆಳಿಗ್ಗೆ ಕೈಯಲ್ಲಿ ಚೀಲವೂ ಇಲ್ಲದೆ ತಮ್ಮೂರು ಆನಂದಪುರದಲ್ಲಿ ಬಸ್ಸಿಳಿದಿದ್ದ. ತಿಂಗಳುಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆಮೇಲೊಂದು ದಿನ ಕಾಣೆಯಾದ. ಹಿನ್ನೀರಿನಾಚೆಯ ಸಿಗಂದೂರಿಗೆ ಆಗಿನ್ನೂ ಸೇತುವೆ ಇರಲಿಲ್ಲ, ಲಾಂಚಿನಲ್ಲೇ ದಾಟಬೇಕಿತ್ತು. ಲಾಂಚಿನವರೇ ಯಾರನ್ನೋ ವಿಚಾರಿಸಿ ಫೋನು ಮಾಡಿದರು: ಹುಡುಗನೊಬ್ಬ ಬೆಳಗಿನಿಂದ ಈ ದಡಕ್ಕೂ ಆ ದಡಕ್ಕೂ ಹೋಗಿ ಬರುತ್ತಿದ್ದಾನೆ, ದೇವಸ್ಥಾನಕ್ಕೂ ಇಳಿಯುತ್ತಿಲ್ಲ, ನೀರನ್ನೇ ನೋಡುತ್ತಿದ್ದಾನೆ, ಬೇಗ ಬನ್ನಿ. ಖಾಸಗಿ ಬಸ್ಸಿನ ಡ್ರೈವರಾಗಿದ್ದ ಅಪ್ಪ ದುಗ್ಗಪ್ಪ, ಪ್ರಯಾಣಿಕರನ್ನು ಕಂಡಕ್ಟರ್ ಕೈಗೊಪ್ಪಿಸಿ, ಸಿಕ್ಕಿದ ಬೈಕ್ ಹತ್ತಿ ಓಡಿದ್ದ.

ಅಂದಿನಿಂದ ಮನೆಯಲ್ಲಿ ಮೈಸೂರಿನ ಹೆಸರಿಲ್ಲ. ಹೇಳಲೇಬೇಕಾಗಿ ಬಂದರೆ ‘ಆ ಊರು’. ಅಲ್ಲಿ ಏನಾಯಿತು, ಯಾರು ಏನು ಮಾಡಿದರು ಎಂದು ಅವನು ಹೇಳಲಿಲ್ಲ. ಕೇಳಿದರೆ ಮತ್ತೆಲ್ಲಿ ಎದ್ದು ಹೋಗುತ್ತಾನೋ ಎಂದು ಇವರು ಕೇಳಲಿಲ್ಲ.

“ಹೊಸದಕ್ಕೇ ಹೋಗು ಮಗಾ,” ಎಂದು ಹಿಂದಿನ ದಿನವಷ್ಟೇ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ, ಮನೆಯಿಂದ ದೂರ, ಅವಳಿಗೆ ಹೇಳಿದ್ದ. “ಆ ಊರು ಅಂತ ಅವನಿಗೆ ಹೇಳೋದೇ ಒಂದು ಕಷ್ಟ. ಅದೇ ಕಾಲೇಜು ಅಂತ ಹೆಂಗೆ ಹೇಳಾದು?”

ಊಟ ಮಾಡಿ ಸುನಿಲ್ ಹೋದ ಮೇಲೆ ಸುಚಿತ್ರಾ ಹೊಸ ಯೂನಿವರ್ಸಿಟಿಗೆ ‘ಬರುತ್ತೇನೆ’ ಎಂದು ತಿಳಿಸಲು ಫೋನು ಹಿಡಿದಳು. ಬೆರಳು ಮುಂದೆ ಹೋಗಲಿಲ್ಲ. ಹಳೇದಕ್ಕೆ ಹೋಗದಿದ್ದರೆ ಇದು ಜೀವನವಿಡೀ ಕೊರೆಯುತ್ತದೆ. ಹೋದರೆ, ರಜಕ್ಕೆ ಬಂದಾಗಲೆಲ್ಲ ಅದೇ ಕಾಲೇಜನ್ನು ಹೊತ್ತುಕೊಂಡೇ ಅಣ್ಣನ ಎದುರು ಬಂದು ಕೂರಬೇಕು. ಚಪ್ಪಲಿ ಮೆಟ್ಟಿ ರಸ್ತೆಗಿಳಿದಳು.

ಅಂಗಡಿಯಲ್ಲಿ ಸುನಿಲ್ ಒಬ್ಬನೇ ಇದ್ದ. ಸುಟ್ಟುಹೋದ ಪಂಪಿನ ಹೊಟ್ಟೆ ಬಿಚ್ಚಿ, ಕರಿಕಾದ ತಂತಿ ಕೀಳುತ್ತಿದ್ದ. ಅವಳು ಸ್ಟೂಲಿನ ಮೇಲೆ ಕೂತಳು. ಬರುವಾಗ ಜೋಡಿಸಿಕೊಂಡ ಮಾತೆಲ್ಲ ಎಲ್ಲೋ ಉದುರಿತ್ತು.

“ರಾಂಗ್ ನಂಬರ್ ಅಲ್ಲ ಅದು,” ಎಂದು ಅವನೇ ಹೇಳಿದ, ತಲೆಯೆತ್ತದೆ. “ಡಿಪಾರ್ಟ್‌ಮೆಂಟ್ ಆಫೀಸಿಂದು. ನಂಗೂ ಅದೇ ನಂಬರಿಂದ ಬರ್ತಿತ್ತು. ಯಾಕೆ ಕ್ಲಾಸಿಗೆ ಬರ್ತಿಲ್ಲ ಅಂತ ಕೇಳೋರು.”

“ಅಣ್ಣಾ, ನಾನು ಹೋಗಲ್ಲ ಅಲ್ಲಿಗೆ. ಅಲ್ಲೇ ಇನ್ನೊಂದಿದೆ, ಹೊಸದು—”

“ಎಂತಕ್ಕೆ ಹೋಗಲ್ಲ?”

ಅವನು ಇಕ್ಕಳ ಕೆಳಗಿಟ್ಟ.

“ಅಲ್ಲಿ ಯಾರೋ ನಂಗೆ ಎಂತೋ ಮಾಡಿದಾರೆ ಅಂತ ತಿಳ್ಕೊಂಡಿದೀರಿ ಅಲ್ಲಾ ನೀವೆಲ್ಲ?”

“ಮತ್ತೆ?”

“ಯಾರೂ ಎಂತದೂ ಮಾಡಿಲ್ಲ. ಅದೇ ಹೇಳಕ್ಕಾಗ್ದೆ ಹೋಗಿದ್ದು. ಯಾರಾದ್ರೂ ಎಂತಾದ್ರೂ ಮಾಡಿದ್ರೆ ಮನೆಗೆ ಬಂದು ಹೇಳಬಹುದಿತ್ತು.” ಅವನು ರಸ್ತೆಯ ಕಡೆ ನೋಡಿದ. ಶಿವಮೊಗ್ಗದ ಬಸ್ಸೊಂದು ನಿಂತು ಹೊರಟಿತು. “ಪಾಠ ಅರ್ಥ ಆಗ್ಲಿಲ್ಲ ಸುಚಿ. ಎಲ್ಲಾ ಇಂಗ್ಲಿಷು. ಪಕ್ಕದಲ್ಲಿದ್ದೋರು ಬರೀತಾ ಇದ್ರೆ ನಾನೂ ಬರೆದಂಗೆ ಮಾಡ್ತಿದ್ದೆ. ಒಂದು ಟೆಸ್ಟಲ್ಲಿ ಖಾಲಿ ಪೇಪರ್ ಕೊಟ್ಟು ಬಂದೆ. ಆಮೇಲೆ ದಿನಾ ಬೆಳಿಗ್ಗೆ ತಲೆ ಬಾಚ್ಕೊಂಡು, ಬ್ಯಾಗ್ ಹಾಕ್ಕೊಂಡು, ರೈಲ್ವೆ ಸ್ಟೇಶನ್ನಿಗೆ ಹೋಗಿ ಕೂರ್ತಿದ್ದೆ. ಸಂಜೆ ಅಪ್ಪ ಫೋನ್ ಮಾಡಿದ್ರೆ, ಕ್ಲಾಸ್ ಚೆನ್ನಾಗಾಯ್ತು ಅಂತಿದ್ದೆ. ಅಪ್ಪ ಬಸ್ಸಲ್ಲಿ ಎಲ್ರಿಗೂ ಹೇಳ್ಕೊಂಡು ಓಡಾಡ್ತಿದ್ದ.”

ಇಷ್ಟು ಮಾತು ಅವನ ಬಾಯಿಂದ ಒಟ್ಟಿಗೆ ಬಂದದ್ದನ್ನು ಅವಳು ಎಷ್ಟೋ ಕಾಲದಿಂದ ಕೇಳಿರಲಿಲ್ಲ. ಸಮಾಧಾನವಾಗುವ ಬದಲು ಹೊಸದೊಂದು ಹೆದರಿಕೆ ಹುಟ್ಟಿತು. ಅವಳು ಓದಿದ್ದೂ ಅವನು ಓದಿದ ಕನ್ನಡ ಶಾಲೆಯಲ್ಲೇ, ಅದೇ ಬೆಂಚಿನಲ್ಲಿ.

“ನಂಗೂ ಅರ್ಥ ಆಗ್ದೆ ಹೋದ್ರೆ?”

ಆಗ್ತದೆ ಬಿಡು ಎನ್ನುತ್ತಾನೆಂದು ಕಾದಳು. ಅವನು ಹಾಗನ್ನಲಿಲ್ಲ.

“ಮೊದಮೊದಲು ಆಗಲ್ಲ,” ಎಂದ. “ಆಗ್ಲಿಲ್ಲ ಅಂತ ಅವತ್ತೇ ಫೋನ್ ಮಾಡು. ನಂಗೆ ಮಾಡು.”

“ಅಲ್ಲಿಗೇ ಹೋಗು ಅಂತೀಯಾ?”

“ಅದು ನಾನು ಹೇಳಲ್ಲ. ನನ್ನ ಹೆಸರಲ್ಲಿ ಹೋಗಲೂ ಬೇಡ, ಬಿಡಲೂ ಬೇಡ.” ಮತ್ತೆ ಇಕ್ಕಳ ಎತ್ತಿಕೊಂಡ.

ಅಂಗಡಿಯಿಂದ ಹೊರಬಂದು, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಅವಳೇ ಆಫೀಸಿಗೆ ಫೋನು ಮಾಡಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಕಟ್ ಮಾಡಿದ್ದಕ್ಕೆ ಸೀಟೇ ಹೋಯಿತೇನೋ ಎಂದು ಮತ್ತೆ ನಂಬರ್ ಒತ್ತಿದಳು. ಮೂರನೇ ಸಲ ಎತ್ತಿದರು. “ಬರ್ತೀನಿ ಸರ್,” ಎಂದಳು. ಹೆಸರು ಕೇಳಿದಾಗ ತನ್ನ ಹೆಸರು ಹೇಳಲೂ ತಡವರಿಸಿದಳು.

ರಾತ್ರಿ ಊಟಕ್ಕೆ ನಾಲ್ವರೂ ಕೂತಾಗ ಹೇಳಿದಳು, ಸುನಿಲನ ಎದುರಿಗೇ, ಊರಿನ ಹೆಸರು ಹಿಡಿದೇ. “ಮೈಸೂರಿಗೆ ಹೋಗ್ತೀನಿ ಅಪ್ಪಾ. ಹಳೇದಕ್ಕೇ. ಹೇಳಿ ಆಯ್ತು.”

ದುಗ್ಗಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಮಗನ ಕಡೆ ನೋಡುವ ಧೈರ್ಯವಾಗದೆ ಹೆಂಡತಿಯನ್ನು ನೋಡಿದ. ವಿಶಾಲಮ್ಮ ಸಾರಿನ ಸೌಟು ಹಿಡಿದು ಹಾಗೇ ಕೂತಿದ್ದಳು.

“ಬಿಟ್ಟು ಬರಾಕೆ ನಾನು ಹೋಗ್ತೀನಿ,” ಎಂದ ಸುನಿಲ್.

ದುಗ್ಗಪ್ಪ ರಸ್ತೆ ವಿಚಾರಿಸುವ ಡ್ರೈವರನ ದನಿಯಲ್ಲಿ ಕೇಳಿದ, “ಹಾಸ್ಟೆಲಿಂದ ಕ್ಲಾಸಿಗೆ ದೂರ ಏನೋ?”

“ದೂರ ಇಲ್ಲ. ನಡೀಬಹುದು.” ಸುನಿಲ್ ಲೋಟದ ನೀರಿಗೆ ಬೆರಳದ್ದಿ, ಕೆಂಪು ನೆಲದ ಮೇಲೆ ಒಂದು ಗೆರೆ ಎಳೆದ. “ಇದು ಗೇಟು. ಇಲ್ಲಿ ಕ್ಯಾಂಟೀನು. ಇಲ್ಲಿಂದ ಎಡಕ್ಕೆ ಹೋದ್ರೆ ಲೈಬ್ರರಿ.”

ದುಗ್ಗಪ್ಪ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟ. ಸುಚಿತ್ರಾ ಬಗ್ಗಿ ನೋಡಿದಳು. ವಿಶಾಲಮ್ಮ ಮಾತ್ರ ನೆಲವನ್ನು ನೋಡಲಿಲ್ಲ. ಮಗನ ಮುಖವನ್ನೇ ನೋಡುತ್ತಿದ್ದಳು. ಫ್ಯಾನಿನ ಗಾಳಿಗೆ ಗೇಟಿನ ಕಡೆಯ ಗೆರೆ ಆರತೊಡಗಿತು. ಸುನಿಲ್ ಮತ್ತೆ ಲೋಟಕ್ಕೆ ಬೆರಳದ್ದಿ, ಅದನ್ನು ಮೊದಲಿನಿಂದ ಎಳೆದ.