ಎತ್ತಿಕೊಂಡು ಹೋದ ತಟ್ಟೆ

ನನ್ನ ನಾದಿನಿ ನಿಶ್ಚಿತಾ ಭಂಡಿಗಡಿಯ ಹತ್ತಿರ ಇಟಾಲಿಯನ್ ರೆಸ್ಟೋರೆಂಟ್ ತೆರೆದು ಎರಡು ವರ್ಷವಾಗುತ್ತ ಬಂದಿತ್ತು. ಅವಳ ಅಮ್ಮ, ಅಂದರೆ ನನ್ನ ಅತ್ತೆ ದಾಕ್ಷಾಯಣಮ್ಮ, ಅಲ್ಲಿ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ.

ಕಾರಣ ಒಂದೇ. ಅಲ್ಲಿ ಮೀನು, ಕೋಳಿ ಬೇಯುತ್ತಿತ್ತು. ಅತ್ತೆ ಕೊರಳಲ್ಲಿ ಲಿಂಗ ಧರಿಸಿದವರು. ಲಿಂಗಕ್ಕೆ ತೋರಿಸದೆ ಏನನ್ನೂ ತಿನ್ನುವುದಿಲ್ಲ. ಮಾಂಸ ಬೇಯುವ ಒಲೆಯ ಅನ್ನವನ್ನು ಲಿಂಗಕ್ಕೆ ತೋರಿಸುವುದೂ ಇಲ್ಲ. ಮಗಳ ಮೇಲೆ ಅವರಿಗೆ ಕೋಪವಿರಲಿಲ್ಲ. ಅವಳು ಎನ್.ಆರ್. ಪುರದ ಮನೆಗೆ ಬಂದಾಗ ಬಿಸಿ ಅಕ್ಕಿರೊಟ್ಟಿ ತಟ್ಟಿ ಕೊಡುತ್ತಿದ್ದರು. ಅವಳ ಅಡುಗೆಯ ಮಾತು ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದರು.

ನನ್ನ ಗಂಡ ಉಜ್ವಲ್ ಇದ್ದಾಗ ಅಮ್ಮನ ಮಾತನ್ನು ತಂಗಿಗೆ, ತಂಗಿಯ ಮಾತನ್ನು ಅಮ್ಮನಿಗೆ ಮುಟ್ಟಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಕೆಲಸವನ್ನು ಯಾರೂ ಹಿಡಿಯಲಿಲ್ಲ. ಅಂದಿನಿಂದ ನನಗೆ ಊಟವೆಂದರೆ ಹೊತ್ತಿಗೊಂದು ಕೆಲಸ. ಮಾತೂ ಹಾಗೆಯೇ.

ಒಂದು ಭಾನುವಾರ ನಿಶ್ಚಿತಾ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು.

"ಅಮ್ಮಾ, ನೀನು ಬರೋ ದಿನ ಅಲ್ಲಿ ಮೊಟ್ಟೆ ಕೂಡ ಒಡೆಯಲ್ಲ. ಹಿಂದಿನ ದಿನವೇ ಫ್ರೀಜರ್ ಖಾಲಿ ಮಾಡ್ತೀನಿ. ಒಲೆ ತೊಳೆದು ಹೊಸ ಪಾತ್ರೆ ಇಡ್ತೀನಿ. ಒಂದು ಸಲ ಬಾ."

"ಬಂದೋರಿಗೆ ಎಂತ ಹಾಕ್ತೀಯ?"

"ಎಲ್ಲರಿಗೂ ಸೊಪ್ಪು ತರಕಾರಿನೇ."

ಅತ್ತೆ ರೊಟ್ಟಿ ಮಗುಚಿದರು. "ಒಂದು ಸಲ ಬತ್ತೀನಿ. ನಂಗೆ ಒಗ್ಗದಿದ್ರೆ ಮತ್ತೆ ಯಾವತ್ತೂ ಕರೀಬಾರದು. ಆಯ್ತಾ?"

"ಆಯ್ತು," ಎಂದಳು ನಿಶ್ಚಿತಾ. ಹೊರಡುವಾಗ ನನ್ನ ಕೈ ಹಿಡಿದು, "ಅತ್ತಿಗೆ, ಇದೊಂದೇ ಸಲ ನಂಗೆ ಸಿಕ್ಕಿರೋದು," ಎಂದಳು.

ನಾವು ಹೋದದ್ದು ಗುರುವಾರ ಮಧ್ಯಾಹ್ನ. ಹಿಂದೆ ಕಾಫಿ ಗೋಡೌನ್ ಆಗಿದ್ದ ಕಟ್ಟಡವದು. ನಿಶ್ಚಿತಾ ಗೋಡೆಗೆ ಬರೀ ಸುಣ್ಣ ಹೊಡೆಸಿ, ಒಂದು ಪಕ್ಕವನ್ನು ಪೂರ್ತಿ ಒಡೆಸಿ ಗಾಜು ಹಾಕಿಸಿದ್ದಳು. ಬಿಳಿ ಬಟ್ಟೆಯ ಮೇಜುಗಳ ಮೇಲೆ ಬೆಳಕು ಹಿಟ್ಟು ಚೆಲ್ಲಿದ ಹಾಗೆ ಬಿದ್ದಿತ್ತು. ಅದು ಇಷ್ಟು ಚೆಂದವಾಗಿದೆಯೆಂದು ನಾನು ಮೊದಲು ಬಂದಾಗ ಗಮನಿಸಿಯೇ ಇರಲಿಲ್ಲ.

ನಾವು ಒಳಗೆ ಹೋಗುವಾಗ ಒಂದು ಸಂಸಾರ ಹೊರಗೆ ಬರುತ್ತಿತ್ತು. "ಚಿಕನ್ನೂ ಇಲ್ಲ, ಮೀನೂ ಇಲ್ಲ. ಶಿವಮೊಗ್ಗದಿಂದ ಬಂದಿದ್ದು ಕುಂಬಳಕಾಯಿ ತಿನ್ನಕ್ಕಾ?" ಎಂದು ಗಂಡಸು ಕಾರಿನ ಬಾಗಿಲು ದಡಾರನೆ ಹಾಕಿದ. ಅತ್ತೆ ಅದನ್ನು ಕೇಳಿಸಿಕೊಂಡರು.

ಮಾವ ಶಾಂತವೀರಪ್ಪನವರಿಗೆ ಹಾರ್ಡ್‌ವೇರ್ ಅಂಗಡಿಯಿದೆ. ಅವರು ಕೂರುವ ಮೊದಲೇ ತಲೆಯೆತ್ತಿ ಮಾಡು ನೋಡತೊಡಗಿದರು. "ಈ ಕಬ್ಬಿಣದ ತೊಲೆ ನೋಡು ಸುಮನಾ. ಈಗ ಹುಡುಕಿದ್ರೂ ಸಿಗಲ್ಲ. ಬಣ್ಣ ಬಳೀದೆ ಹಂಗೇ ಬಿಟ್ಟಿದಾಳೆ. ತಲೆ ಇದೆ ಹುಡುಗಿಗೆ," ಎಂದು ನನಗೆ ತೋರಿಸಿದರು.

ನಮ್ಮ ಮೇಜು ನೋಡಿಕೊಂಡವಳು ಶಾಲಿನಿ. ಮೊದಲು ಎಸ್ಟೇಟ್ ಕೆಲಸಕ್ಕೆ ಹೋಗುತ್ತಿದ್ದ, ನಡುವಯಸ್ಸು ದಾಟಿದ ಹೆಂಗಸು. ನಿಶ್ಚಿತಾ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡುವವಳು. ಅವಳು ತಂದಿಟ್ಟ ಬ್ರೆಡ್ ಹೊರಗೆ ಗಟ್ಟಿ, ಒಳಗೆ ಹತ್ತಿಯಂತೆ ಮೃದು. ಮಾವ ಅದನ್ನು ಬೇಗ ಬೇಗ ಮುಗಿಸಿದರು. ಅವರಿಗೆ ಬಂದ ರಿಸೊಟ್ಟೊ ಮಾತ್ರ ಸೋತಿತು.

"ಇದು ಗಂಜಿ ಅಲ್ವಾ? ಅದೂ ಬೆಂದಿಲ್ಲ."

"ಹಂಗೇ ಇರ್ಬೇಕಂತೆ ಯಜಮಾನ್ರೆ," ಎಂದಳು ಶಾಲಿನಿ. "ಅಕ್ಕಿ ಹಲ್ಲಿಗೆ ಒಂಚೂರು ಸಿಗ್ಬೇಕಂತೆ."

"ಹಲ್ಲಿರೋರಿಗೆ ಮಾಡಿದ್ದು ಅನ್ನು."

ಅತ್ತೆಗೆ ಬಂದದ್ದು ರವಿಯೋಲಿ. ನಿಶ್ಚಿತಾ ಚಿರೋಟಿ ರವೆಯ ಹಾಳೆಯೊಳಗೆ ಸಿಹಿಗುಂಬಳದ, ಅಂದರೆ ನಮ್ಮ ಚೀನಿಕಾಯಿಯ ಹೂರಣ ತುಂಬಿ, ಬೇಯಿಸಿ, ಕೆಂಪಗೆ ಕಾಸಿದ ಬೆಣ್ಣೆ ಹಾಕಿದ್ದಳು. ಹಾಳೆ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ಕೇಸರಿ ಬಣ್ಣ ಹೊರಗೆ ಕಾಣುತ್ತಿತ್ತು. ಅತ್ತೆ ಬಹಳ ಹೊತ್ತು ತಟ್ಟೆಯನ್ನೇ ನೋಡಿದರು. ಬೆರಳ ತುದಿಯಿಂದ ಒಂದರ ಅಂಚು ಮುಟ್ಟಿದರು.

"ಕಡುಬಿನ ಅಂಚು ಒತ್ತಕ್ಕೂ ಬರ್ತಿರ್ಲಿಲ್ಲ ಇವಳಿಗೆ," ಎಂದರು, ಯಾರಿಗೆಂದಿಲ್ಲದೆ.

ಆಮೇಲೆ ಸೆರಗಿನ ಮರೆಯಲ್ಲಿ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ತಟ್ಟೆಯನ್ನು ತೋರಿಸಿದರು. ನನ್ನ ಎದೆ ಸ್ವಲ್ಪ ಹಗುರಾಯಿತು.

ಮಗಳ ಮರ್ಯಾದೆಗೆಂದು ಅತ್ತೆ ಫೋರ್ಕ್ ಹಿಡಿದರು. ಮೊದಲನೆಯದು ಬಾಯಿಗೆ ಹೋಯಿತು. ಎರಡನೆಯದು ಜಾರಿತು, ಮತ್ತೆ ಜಾರಿತು.

"ಇದು ನನ್ನ ಮಾತು ಕೇಳಲ್ಲ. ಕೈಯಲ್ಲೇ ತಿಂತೀನಿ. ಕೈ ತೊಳೆಯೋದು ಎಲ್ಲಿ?" ಫೋರ್ಕ್ ಮತ್ತು ಚಮಚವನ್ನು ತಟ್ಟೆಯ ಮೇಲೆ ಒಂದರ ಪಕ್ಕ ಒಂದು ಮಲಗಿಸಿ ಎದ್ದರು. ನಾನು ದಾರಿ ತೋರಿಸಲು ಜೊತೆಗೆ ಹೋದೆ.

ವಾಪಸ್ ಬಂದಾಗ ಅವರ ಮುಂದೆ ಬರೀ ಬಿಳಿ ಬಟ್ಟೆಯಿತ್ತು.

"ತಟ್ಟೆ ಎಲ್ಲಿ?"

ಮಾವ ಮಾಡಿನಿಂದ ಕಣ್ಣು ಇಳಿಸಿದರು. "ಶಾಲಿನಿ ತಗೊಂಡು ಹೋದ್ಲು. ಊಟದ ಮಧ್ಯ ನೀನು ಯಾವತ್ತು ಎದ್ದಿದ್ದೀಯ ಮಾರಾಯ್ತಿ? ಮುಗೀತು ಅನ್ಕೊಂಡೆ."

ಶಾಲಿನಿಯದೂ ತಪ್ಪಿಲ್ಲ. ಫೋರ್ಕ್, ಚಮಚ ಜೊತೆಯಾಗಿ ಮಲಗಿದ್ದರೆ ಊಟ ಮುಗಿಯಿತೆಂದು ಅರ್ಥ, ತಟ್ಟೆ ಎತ್ತಬೇಕು ಎಂದು ನಿಶ್ಚಿತಾ ಅವಳಿಗೆ ಕಲಿಸಿದ್ದಾಳೆ. ಆದರೆ ಲಿಂಗಕ್ಕೆ ತೋರಿಸಿದ ಮೇಲೆ ಅದು ಪ್ರಸಾದ. ನಮ್ಮ ಮನೆಯಲ್ಲಿ ಪ್ರಸಾದದ ಒಂದು ಅಗುಳನ್ನೂ ಬಿಡುವುದಿಲ್ಲ. ಕೊನೆಗೆ ತಟ್ಟೆಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿಯುತ್ತೇವೆ. ಪ್ರಸಾದ ಕಸಕ್ಕೆ ಬಿದ್ದರೆ ಅತ್ತೆ ಆ ದಿನ ಮತ್ತೇನನ್ನೂ ಮುಟ್ಟುವವರಲ್ಲ. ಆ ಜಾಗವನ್ನೂ ಮತ್ತೆ ತುಳಿಯುವವರಲ್ಲ.

"ಕಸಕ್ಕೆ ಹಾಕಿರ್ತಾರೆ," ಎಂದರು ಅತ್ತೆ. ಧ್ವನಿ ಬಹಳ ಸಣ್ಣದಾಗಿತ್ತು.

"ಇನ್ನೊಂದು ತರಿಸ್ತೀನಿ, ಕೂತ್ಕೋ," ಎಂದರು ಮಾವ.

"ಇನ್ನೊಂದು ತಂದ್ರೆ ಅದು ಇದಾಗತ್ತಾ? ನಡೀರಿ, ಹೋಗನ." ಅವರು ಕುರ್ಚಿಯ ಮೇಲಿದ್ದ ಚೀಲ ತೆಗೆದುಕೊಂಡರು.

"ಅತ್ತೆ, ಒಂದು ನಿಮಿಷ ಕೂತ್ಕೊಳಿ," ಎಂದೆ. ನಾನು ಅಷ್ಟು ಜೋರಾಗಿ ಮಾತಾಡಿ ಬಹಳ ಕಾಲವಾಗಿತ್ತು. ಅವರು ಕೂತರು. ನಾನು ಅಡುಗೆಮನೆಗೆ ನಡೆದೆ.

ಹೊರಗೆ ಬೆಳಕಿದ್ದಷ್ಟೇ ಒಳಗೆ ಶುಭ್ರತೆಯಿತ್ತು. ಹೊಸ ಪಾತ್ರೆಗಳು ಗೋಡೆಗೆ ಸಾಲಾಗಿ ನೇತಾಡುತ್ತಿದ್ದವು. ನಿಶ್ಚಿತಾ ತಟ್ಟೆ ತೊಳೆಯುವ ಕಟ್ಟೆಯ ಮುಂದೆ ನಿಂತಿದ್ದಳು. ಊಟದ ಮೇಜಿನಿಂದ ವಾಪಸ್ ಬರುವ ಪ್ರತಿಯೊಂದು ತಟ್ಟೆಯನ್ನೂ ಮೊದಲು ಅವಳಿಗೆ ತೋರಿಸಬೇಕು. ಯಾರು ಏನು ಬಿಟ್ಟಿದ್ದಾರೆಂದು ನೋಡಿದ ಮೇಲೆಯೇ ಅದು ಕಸಕ್ಕೆ. ಅತ್ತೆಯ ತಟ್ಟೆ ಅವಳ ಕೈಯಲ್ಲಿತ್ತು. ಅರ್ಧಕ್ಕಿಂತ ಹೆಚ್ಚು ಹಾಗೇ ಇತ್ತು. ಇನ್ನೊಂದು ಕೈಯಲ್ಲಿ ಚಮಚ. ಕಸದ ಡಬ್ಬಿಯ ಮುಚ್ಚಳ ತೆರೆದಿತ್ತು.

"ಬಿಡಿ ಅತ್ತಿಗೆ," ಎಂದಳು, ನನ್ನನ್ನು ನೋಡದೆ. "ಗೊತ್ತಾಯ್ತು. ಅಮ್ಮಂಗೆ ಒಗ್ಗಲಿಲ್ಲ."

"ತಟ್ಟೆ ಕೊಡು ನಿಶ್ಚಿತಾ."

"ಸಮಾಧಾನ ಬೇಡ. ಎಷ್ಟು ಬಿಟ್ಟಿದಾರೆ ಕಾಣ್ತಿದೆಯಲ್ಲ."

"ಬಿಟ್ಟಿಲ್ಲ. ಕೈ ತೊಳೆಯಕ್ಕೆ ಎದ್ದಿದ್ರು. ನೀನು ಕಲಿಸಿದ ಹಾಗೆ ಶಾಲಿನಿ ಎತ್ತಿದಾಳೆ. ಅತ್ತೆ ಆಗಲೇ ಲಿಂಗಕ್ಕೆ ತೋರಿಸಿದಾರೆ."

ಚಮಚ ನಿಂತಿತು.

"ಇದನ್ನ?"

"ಇದನ್ನೇ."

ಅವಳು ಆ ಮನೆಯಲ್ಲಿ ಹುಟ್ಟಿದವಳು. ಹೆಚ್ಚು ಹೇಳಬೇಕಾಗಿರಲಿಲ್ಲ. ಅಮ್ಮ ಮನಸ್ಸು ಒಪ್ಪದ ಅಡುಗೆಯನ್ನು ಲಿಂಗದ ಮುಂದೆ ಹಿಡಿಯುವುದಿಲ್ಲವೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಮೂಗು ತೋಳಿಗೆ ಒರೆಸಿಕೊಂಡಳು.

"ತಣ್ಣಗಾಗಿದೆ. ಬಿಸಿ ಮಾಡಿ ಕೊಡ್ಲಾ?"

"ಪ್ರಸಾದ ಮತ್ತೆ ಒಲೆ ಮೇಲೆ ಇಡ್ತಾರೇನೇ? ಹಾಗೇ ತಾ. ಎದ್ದು ಹೊರಟಿದ್ರು."

ಅವಳು ಓಡಿದಳು. ನಾನು ಹಿಂದೆ ಹೋದೆ. ತಟ್ಟೆಯನ್ನು ಅಮ್ಮನ ಮುಂದಿಟ್ಟು, "ಕಸಕ್ಕೆ ಹಾಕಿಲ್ಲಮ್ಮಾ. ಯಾರೂ ಮುಟ್ಟಿಲ್ಲ. ನನ್ನ ಕೈಯಲ್ಲೇ ಇತ್ತು," ಎಂದಳು.

ಅತ್ತೆ ಅವಳ ಮುಖ ನೋಡಿದರು, ತಟ್ಟೆ ನೋಡಿದರು. ಚೀಲವನ್ನು ಕೆಳಗಿಟ್ಟರು. ಬೆಣ್ಣೆ ಗಟ್ಟಿಯಾಗಿ ಅಂಚಿಗೆ ಅಂಟಿತ್ತು. ಅವರು ಒಂದೊಂದನ್ನೇ ಕೈಯಲ್ಲಿ ತೆಗೆದುಕೊಂಡು, ಮನೆಯಲ್ಲಿ ತಿನ್ನುವಷ್ಟೇ ನಿಧಾನವಾಗಿ ತಿಂದರು. ಬೆಣ್ಣೆಯನ್ನು ಬೆರಳಿನಿಂದ ಬಳಿದರು. ಕೊನೆಗೆ ಲೋಟದ ನೀರನ್ನು ತಟ್ಟೆಗೆ ಸುರಿದು, ಸುತ್ತ ತೊಳೆದು, ಎರಡೂ ಕೈಯಲ್ಲಿ ಎತ್ತಿ ಕುಡಿದರು. ಪಕ್ಕದ ಮೇಜಿನವರು ಫೋರ್ಕ್ ಹಿಡಿದುಕೊಂಡೇ ನೋಡುತ್ತಿದ್ದರು. ಅತ್ತೆಗೆ ಅವರು ಕಾಣಿಸಲಿಲ್ಲ.

ನಿಶ್ಚಿತಾ ನಿಂತೇ ಇದ್ದಳು.

"ಬೆಣ್ಣೆ ಜಾಸ್ತಿ ಆತು," ಎಂದರು ಅತ್ತೆ.

"ಹೂಂ."

"ಹೂರಣ ಚೆನ್ನಾಗಿದೆ. ತಣ್ಣಗಿರೋದ್ರಲ್ಲೇ ಇಷ್ಟು ರುಚಿ ಇದೆ ಅಂದ್ರೆ... ಬಿಸೀದು ಇದ್ರೆ ಇನ್ನೊಂದೆರಡು ಹಾಕು."

ಮಾವ ಜೋರಾಗಿ ನಕ್ಕರು. "ನಂಗೂ ಅದೇ ಹಾಕು ಮಾರಾಯ್ತಿ. ಈ ಗಂಜಿ ನಿನ್ನ ಇಟಲಿಯವರಿಗೇ ಇರಲಿ."

ನಿಶ್ಚಿತಾ ಹೊರಟಳು. ಅತ್ತೆ ಕರೆದು ನಿಲ್ಲಿಸಿದರು.

"ಬಾಗಿಲಲ್ಲಿ ಅವರು ಬೈಕೊಂಡು ಹೋಗಿದ್ದು ನಾನು ಬಂದಿದ್ದಕ್ಕೇ ಅಲ್ವಾ?"

"ಒಂದು ದಿನ ತಾನೇ ಅಮ್ಮಾ."

"ಒಂದು ದಿನ ಎಂತಕ್ಕೆ? ನಾನು ಇನ್ನು ಬರ್ತಾ ಇರ್ತೀನಿ. ಬಂದಾಗೆಲ್ಲ ನಿನ್ನ ಅಂಗಡಿ ಮುಚ್ಚಿಸಕ್ಕೆ ಆಗತ್ತಾ? ಒಂದು ಮೂಲೇಲಿ ನಂಗೊಂದು ಬೇರೆ ಒಲೆ ಇಡು. ಎರಡು ಪಾತ್ರೆ ಮನೆಯಿಂದ ತತ್ತೀನಿ. ಅದಕ್ಕೆ ಬೇರೆ ಏನೂ ಸೋಕದಿದ್ರೆ ಸಾಕು."

"ಎಲ್ಲಿ ಇಡ್ಲಿ ಅಂತ ನೀನೇ ಬಂದು ನೋಡು," ಎಂದಳು ನಿಶ್ಚಿತಾ. ಅತ್ತೆ ಎದ್ದು ಅವಳ ಹಿಂದೆ ಅಡುಗೆಮನೆಗೆ ಹೋದರು.