ದೇವನಕ್ಕಿಯ ನಾಲ್ಕು ಮೊಟ್ಟೆ

ಖಾಲಿಯಾಗಿದ್ದ ಆ ತಾವರೆ ಎಲೆಯ ಮೇಲೆ ಒಂದೇ ಒಂದು ನೀರಹನಿ ಅತ್ತಿತ್ತ ಉರುಳುತ್ತಿತ್ತು. ಹಿಂದಿನ ಸಂಜೆ ಅಲ್ಲಿ ನಾಲ್ಕು ಮೊಟ್ಟೆಗಳಿದ್ದವು, ಕಂಚಿನಂತೆ ಹೊಳೆಯುತ್ತಿದ್ದವು. ಪಕ್ಕದಲ್ಲೇ ಎಲೆ ಕೊಯ್ದ ದಂಟುಗಳು ಹಸಿಹಸಿಯಾಗಿ ನಿಂತಿದ್ದವು. ಇನ್ನೇನು ಸಾಕ್ಷಿ ಬೇಕಿತ್ತು ನನಗೆ?

ಪದವಿ ಮುಗಿಸಿದ ವರ್ಷ ಊರ ಕೆರೆಯ ಹಕ್ಕಿಗಳ ವಿವರ ಬರೆದಿಡುವ ಕೆಲಸ ಸಿಕ್ಕಿತ್ತು. ನಾಲ್ಕು ಜನರ ಮುಂದೆ ಮಾತು ಹೊರಡದ ನನಗೆ ಒಪ್ಪುವ ಕೆಲಸವೇ. ಐದು ದಿನದಿಂದ ಒಂದು ದೇವನಕ್ಕಿಯ ಹಿಂದೆ ಬಿದ್ದಿದ್ದೆ. ಕಡುಗಂದು ಮೈ, ಬಿಳಿಯ ಮುಖ, ಬಿಳಿಯ ರೆಕ್ಕೆ, ಕತ್ತಿನ ಹಿಂದೆ ಬಂಗಾರದ ಪಟ್ಟಿ, ಕೆಳಕ್ಕೆ ಬಾಗಿದ ನೀಳ ಬಾಲ. ಉದ್ದುದ್ದ ಬೆರಳುಗಳನ್ನು ಅಗಲಿಸಿ ಎಲೆಯಿಂದ ಎಲೆಗೆ ನಡೆದರೂ ಎಲೆ ಮುಳುಗುತ್ತಿರಲಿಲ್ಲ. ಮೊಟ್ಟೆಗಳನ್ನು ಹತ್ತಿರದಿಂದ ಕಾಣಬೇಕೆಂದು ದಿನವೂ ಸೊಂಟದವರೆಗೆ ನೀರಿಗಿಳಿದು ಬಗ್ಗಿ ನೋಡುತ್ತಿದ್ದೆ.

ಎಲೆ ಕೊಯ್ಯುತ್ತಿದ್ದವಳು ನಿಂಗಾಜಮ್ಮ. ಹೂವಿನಂಗಡಿಗಳಿಗೆಲ್ಲ ಅವಳದೇ ಎಲೆ. ಅದೇ ಅವಳ ಅನ್ನ. ನನ್ನನ್ನು ಕಂಡರೆ ಅವಳಿಗಾಗದು. "ಬಂದ್ಲು ನೋಡು, ಕೊಕ್ಕರೆ ಕಾಲ್ನೋಳು!" ಎಂದು ಹರಿಗೋಲಿನಿಂದಲೇ ಕೂಗುತ್ತಿದ್ದಳು. ನಾನು ಮನೆಗೆ ಹೋಗಿ ದಿನಚರಿಯಲ್ಲಿ ಸೇಡು ತೀರಿಸಿಕೊಳ್ಳುತ್ತಿದ್ದೆ. ಆ ದಿನ ಮಾತ್ರ ದಿನಚರಿ ಸಾಲಲಿಲ್ಲ. ಕೆರೆಯ ಮೇಲ್ವಿಚಾರಕರಿಗೆ ಕೊಡುವ ವರದಿಯಲ್ಲಿ, 'ಎಲೆ ಕೊಯ್ಯುವವಳು ಮೊಟ್ಟೆಗಳನ್ನು ಕದ್ದಿದ್ದಾಳೆ. ತಾಯಿಹಕ್ಕಿ ಗೋಳಾಡುತ್ತಿದೆ' ಎಂದು ಬರೆದೆ. ಬರೆಯುವಾಗ ಹಿತವೆನಿಸಿತ್ತು, ಅದನ್ನು ಮುಚ್ಚಿಡಲಾರೆ. ಮರುದಿನವೇ ಅವಳು ಕೆರೆಗಿಳಿಯದಂತೆ ತಡೆದರು.

ಮೂರನೆಯ ದಿನ ಅವಳು ಏರಿಯ ಮೇಲೆ ನನ್ನ ದಾರಿಗಡ್ಡ ನಿಂತಳು.

"ಹತ್ತು ಹರಿಗೋಲು."

"ನಿಮಗೆ ಅಪ್ಪಣೆ ಇಲ್ಲ..."

"ಕಿತ್ಕೊಂಡೋಳು ನೀನೇ ತಾನೆ? ಹತ್ತೇ!"

ಹತ್ತಿದೆ. ಜೊಂಡಿನ ಮರೆಯಲ್ಲಿ ಹರಿಗೋಲು ನಿಲ್ಲಿಸಿ ಬೆರಳು ತೋರಿದಳು. ಹತ್ತು ಮಾರು ಆಚೆ ದೇವನಕ್ಕಿ ಕೂತಿತ್ತು. ಅದು ಎದ್ದು ಹೊರಳಿದಾಗ ಅಡಿಯಲ್ಲಿ ಕಂಚಿನ ಹೊಳಪು. ನಾಲ್ಕು.

"ತಾಯಿ ಗೋಳಾಡ್ತೈತೆ ಅಂತ ಬರ್ದಿದ್ಯಂತಲ್ಲ, ಅದು ಗಂಡು ಕಣೆ! ಹೆಣ್ಣು ಮೊಟ್ಟೆ ಇಕ್ಬುಟ್ಟು ಇನ್ನೊಬ್ಬನ ತಾವ ಹೋಯ್ತು. ಕಾವು ಕೂರೋದು, ಮರಿ ಸಾಕೋದು ಎಲ್ಲಾ ಇವನ್ದೇ. ಹೆದರ್ಕೆ ಆದ್ರೆ ಒಂದೊಂದೇ ಮೊಟ್ಟೆನ ಗದ್ದಕ್ಕೂ ಎದೆಗೂ ಅವುಚ್ಕೊಂಡು ಬೇರೆ ಎಲೆಗೆ ಸಾಗಿಸ್ತಾನೆ."

"ನೀವು ಎಲೆ ಕೊಯ್ದಿದ್ದಕ್ಕೆ ಹೆದರಿ..."

"ಬುದ್ಧಿ ಬಂದಾಗ್ಲಿಂದ ಕೊಯ್ತಿವ್ನಿ. ನನ್ನ ಕಂಡ್ರೆ ತಲೇನೂ ಎತ್ತಲ್ಲ ಇವನು. ದಿನಾ ಮೂತಿ ಹತ್ರ ಹೋಗಿ ಬಗ್‌ಬಗ್ಗಿ ನೋಡ್ದೋರು ಯಾರವ್ವ?"

ಆ ಎಲೆ, ಅದರ ಮೇಲೆ ಉರುಳುತ್ತಿದ್ದ ಹನಿ ಕಣ್ಣಿಗೆ ಕಟ್ಟಿದವು. ಅದನ್ನು ಖಾಲಿ ಮಾಡಿಸಿದವಳು ನಾನು.

"ತಿದ್ದಿ ಬರ್ದುಕೊಡ್ತೀನಿ" ಎಂದೆ.

"ನಾನು ಕಳ್ಳಿ ಅಂತ ಹೂವಿನ ಬೀದಿಗೆಲ್ಲ ಸುದ್ದಿ ಹಬ್ಬೈತೆ. ಅವರೇನು ನಿನ್ ಕಾಗ್ದ ಓದ್ತಾರಾ? ಬಾಯಲ್ಲಿ ಹೇಳು, ಬಾ."

ಹೂವಿನಂಗಡಿಗಳ ಸಾಲಿನಲ್ಲಿ, ಮೇಲ್ವಿಚಾರಕರನ್ನೂ ಕರೆಸಿ, ನನ್ನನ್ನು ನಿಲ್ಲಿಸಿದಳು. ಮೊದಲ ಸಲ ಹೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. "ಬರೆಯೋವಾಗ್ಲೂ ಹಿಂಗೇ ಪಿಸುಗುಟ್ಟಿದ್ಯಾ?" ಎಂದಳು. ಬೀದಿಯೆಲ್ಲ ನಕ್ಕಿತು. ಎರಡನೆಯ ಸಲ ಕೂಗಿಯೇ ಬಿಟ್ಟೆ: "ಅವರು ಕದ್ದಿಲ್ಲ. ಹಕ್ಕಿ ಹೆದರಿದ್ದು ನನ್ನಿಂದ."

ಅಪ್ಪಣೆ ಮರಳಿತು. ಅವಳ ಮುಖದ ಗಂಟು ಸಡಿಲಲಿಲ್ಲ.

ಮರುದಿನ ಬೆಳಿಗ್ಗೆ ನಾನು ನೀರಿಗೆ ಕಾಲಿಟ್ಟೆನಷ್ಟೇ. ಹಕ್ಕಿಯ ಸುತ್ತ ಅಗಲಕ್ಕೆ ಎಲೆ ಉಳಿಸಿ ಕೊಯ್ಯುತ್ತಿದ್ದವಳು ಕುಡುಗೋಲೆತ್ತಿ, ಹಿಂದಕ್ಕೆ ಎಂದು ಬೀಸಿದಳು. ಹತ್ತು ಹೆಜ್ಜೆ ಸರಿದೆ. ಮತ್ತೆ ಬೀಸಿದಳು. ಸರಿಯುತ್ತ ಸರಿಯುತ್ತ ಏರಿ ಹತ್ತಿ ನಿಂತೆ. ಅಲ್ಲಿಂದ ದೇವನಕ್ಕಿ ಒಂದು ಬಿಳಿ ಚುಕ್ಕೆಯಷ್ಟೇ. ಆಗ ಕುಡುಗೋಲು ಕೆಳಗಿಳಿಯಿತು.